ಸಾನ್ನಿಧ್ಯದ ಹೊಣೆ



“ನಾನೇನೂ ಮಾಡಲಿಲ್ಲ, ಸುಮ್ಮನೆ ಕುಳಿತಿದ್ದೆ” ಎಂಬ ಮಾತನ್ನು ನೀವು ಕೇಳಿರುತ್ತೀರಿ. ಸುಮ್ಮನೆ ಕುಳಿತವನಿಗೆ ಹೊಣೆಯಿಲ್ಲವೆ? ಈ ಪ್ರಶ್ನೆಯ ವಿಚಾರಕ್ಕೆ ಭೌತವಿಜ್ಞಾನದ ಒಂದು ಸಂಗತಿ ನೆರವಾಗುತ್ತದೆ.

ಪರಮಾಣುವಿಗೆ ನಿಯತವಾದ ಶಕ್ತಿಮಟ್ಟಗಳುಂಟು. ಅವು ಆಯಾ ಧಾತುವಿನ ಹುಟ್ಟುಗುಣವೆಂದೂ, ಏನೂ ತಾಗದಿದ್ದರೆ ಬದಲಾಗವೆಂದೂ ತೋರುವುದು ಸಹಜ. ಆದರೆ ಲೋಹದ ಗೋಡೆಯೊಂದು ಸಮೀಪದಲ್ಲಿದ್ದ ಮಾತ್ರಕ್ಕೇ ಪರಮಾಣುವಿನ ಶಕ್ತಿ ವ್ಯತ್ಯಾಸಗೊಳ್ಳುವ ಬಗೆಯನ್ನು 1948ರಲ್ಲಿ ಹಾಲೆಂಡಿನ ಕ್ಯಾಸಿಮಿರ್ ಮತ್ತು ಪೋಲ್ಡರ್ ಗಣಿತದಿಂದ ನಿರೂಪಿಸಿದರು. ನಿರ್ವಾತವೂ ಬರಿದಲ್ಲ, ವಿದ್ಯುತ್ಕಾಂತ ಕ್ಷೇತ್ರದ ಸೂಕ್ಷ್ಮ ಸ್ಪಂದನ ಅಲ್ಲಿಯೂ ನಿಲ್ಲುವುದಿಲ್ಲ. ಗೋಡೆಯು ಆ ಸ್ಪಂದನದ ವಿನ್ಯಾಸವನ್ನು ಮಾರ್ಪಡಿಸುತ್ತದೆ. ತನ್ಮೂಲಕ ಪರಮಾಣುವಿನ ಮಟ್ಟಗಳೂ ಸರಿಯುತ್ತವೆ. 1992ರಲ್ಲಿ ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಮಿಲಿಮೀಟರಿನ ಸಾವಿರದೊಂದು ಭಾಗದಷ್ಟು ಕಿರಿದಾದ ಅಂತರದ ಚಿನ್ನದ ಕನ್ನಡಿಗಳ ನಡುವೆ ಸೋಡಿಯಂ ಪರಮಾಣುಗಳನ್ನು ಹಾಯಿಸಿ, ಲೇಸರ್ ಬೆಳಕಿನಿಂದ ಈ ವ್ಯತ್ಯಾಸವನ್ನು ಅಳೆದರು. ಅಷ್ಟು ಸಮೀಪದಲ್ಲಿ ಅಂತರವು ಅರ್ಧಕ್ಕಿಳಿದರೆ ವ್ಯತ್ಯಾಸವು ಎಂಟುಪಟ್ಟಾಗುತ್ತದೆ.

ವಿಜ್ಞಾನದ ಈ ನಿರ್ವಾತವೇ ಶರಣರ ಬಯಲು ಎಂದು ಅವಸರಪಟ್ಟು ಹೇಳಲಾಗದು. ಅದು ಅಳತೆಗೆ ಸಿಕ್ಕುವಂಥದು. ಇದು ಅನುಭಾವಕ್ಕೆ ಸೇರಿದ್ದು. ಪರಮಾಣುವಿನಿಂದ ನೀತಿಯನ್ನು ಸಿದ್ಧಪಡಿಸಲೂ ಬಾರದು. ಆದರೆ “ಮುಟ್ಟದೆ ಪರಿಣಾಮವಿಲ್ಲ” ಎಂಬ ನಮ್ಮ ನಂಬಿಕೆ ಜಡಲೋಕದಲ್ಲಿಯೇ ನಿಲ್ಲುವುದಿಲ್ಲವೆಂದ ಮೇಲೆ, ಚೇತನರ ನಡುವೆ ಅದನ್ನು ನೆಪವಾಗಿ ಹಿಡಿಯುವುದೆಂತು?

ವರದಕ್ಷಿಣೆಯ ಮಾತುಕತೆ ನಡೆಯುವ ಪಡಸಾಲೆಯನ್ನು ನೆನೆಯಿರಿ. ಊರ ಹಿರಿಯರೊಬ್ಬರು ಮೌನವಾಗಿ ಕುಳಿತಿದ್ದಾರೆ. ಅವರು ಕೇಳಲಿಲ್ಲ, ಕೊಡಿಸಲಿಲ್ಲ. ಆದರೂ ಅವರಿರುವುದರಿಂದಲೇ ಕೇಳುವವನಿಗೆ ಧೈರ್ಯ ಬರುತ್ತದೆ, ಹೆಣ್ಣಿನ ತಂದೆಯ ನಾಲಗೆ ಕಟ್ಟುತ್ತದೆ. ಅವರು ಎದ್ದು ಹೊರನಡೆದಿದ್ದರೂ ಆ ಸಭೆಯ ಬಗೆ ಬೇರೆಯಾಗುತ್ತಿತ್ತು. ಸಂಬಂಧ ಹತ್ತಿರವಾದಷ್ಟೂ ಮೌನದ ಭಾರ ಹೆಚ್ಚು.

ಹಾಗಾದರೆ ತಪ್ಪೆಲ್ಲ ಸುತ್ತಲಿನವರದೆ, ಕೇಳಿದವನು ನಿರಪರಾಧಿಯೆ? ಅಲ್ಲ. ಗೋಡೆಯ ಬಳಿಯಲ್ಲಿಯೂ ಸೋಡಿಯಂ ಸೋಡಿಯಮ್ಮಾಗಿಯೇ ಉಳಿಯುತ್ತದೆ; ಮಟ್ಟಗಳು ಸರಿಯುವುದು ಅತ್ಯಲ್ಪ. ಅದಕ್ಕಿಂತ ಮುಖ್ಯವಾದುದು, ಪರಮಾಣು ತನ್ನ ನೆರೆಯನ್ನು ಆರಿಸಿಕೊಳ್ಳಲಾರದು. ಮನುಷ್ಯನು ಆರಿಸಿಕೊಳ್ಳಬಲ್ಲ, ನೆರೆಯ ಸೆಳೆತವನ್ನು ಅರಿತು ಎದುರಿಸಲೂ ಬಲ್ಲ. ಆದ್ದರಿಂದ ಮಾಡಿದವನ ಹೊಣೆ ಮಾಡಿದವನಿಗೇ ಇದೆ; ಕುಳಿತವನ ಹೊಣೆ ಅದರೊಡನೆ ಕೂಡುತ್ತದೆಯೇ ಹೊರತು ಅದನ್ನು ಕಳೆಯುವುದಿಲ್ಲ.

ನಮ್ಮ ಹಿರಿಯರು ಸಂಗವನ್ನು ಕುರಿತು ಹೇಳಿದ್ದನ್ನು ನಾವು ಸಾಮಾನ್ಯವಾಗಿ ಒಂದೇ ಬದಿಯಿಂದ ಓದುತ್ತೇವೆ: ಒಳ್ಳೆಯವರ ಬಳಿ ಇರಬೇಕೆಂದು. ನಮ್ಮ ಬಳಿ ಇರುವವರಿಗೆ ನಾವು ಎಂಥ ಸಂಗವಾಗಿದ್ದೇವೆ ಎಂಬುದನ್ನೂ ಪೂಜೆಯ ವೇಳೆಯಲ್ಲಿ ದಿನಕ್ಕೊಮ್ಮೆ ಕೇಳಿಕೊಳ್ಳಿರಿ.