ಮುಖ ಯಾರದು?

ಲೇಖನದ ಜೊತೆ ಒಂದು ಚಿತ್ರವನ್ನೂ ಕಳಿಸಿ ಎನ್ನುತ್ತಾರೆ ಸಂಪಾದಕರು. ಉಚಿತ ಫೋಟೊಗಳ ತಾಣದಲ್ಲಿ ‘ಒಂಟಿತನ’ ಎಂದು ಹುಡುಕಿದರೆ ಕಿಟಕಿಯ ಬಳಿ ಕೂತ ಮುದುಕಿಯೊಬ್ಬಳು ಸಿಗುತ್ತಾಳೆ. ಫೋಟೊ ಚೆನ್ನಾಗಿದೆ, ಲೈಸೆನ್ಸೂ ಸರಿಯಾಗಿದೆ. ಆದರೆ ಆಕೆ ಒಂಟಿ ಎಂದು ಹೇಳಿದವರು ಯಾರು?

2007ರಲ್ಲಿ ಅಮೆರಿಕದ ಟೆಕ್ಸಾಸಿನ ಹದಿಹರೆಯದ ಹುಡುಗಿಯೊಬ್ಬಳ ಫೋಟೊ ಆಸ್ಟ್ರೇಲಿಯಾದ ಮೊಬೈಲ್ ಕಂಪನಿಯೊಂದರ ಜಾಹೀರಾತಾಯಿತು. ಪರಿಚಯದವರೊಬ್ಬರು ತೆಗೆದು ಫ್ಲಿಕರ್‌ಗೆ ಹಾಕಿದ್ದ ಚಿತ್ರ ಅದು. ತೆಗೆದವರ ಹೆಸರು ಹಾಕಿ ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದೆಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅದಕ್ಕಿತ್ತು. ಪತ್ರಮಿತ್ರರನ್ನು ಬಿಟ್ಟುಹಾಕಿ ಎಂಬರ್ಥದ ಗೇಲಿಯ ಸಾಲಿನ ಜೊತೆ ಅವಳ ಮುಖ ಬಸ್ ನಿಲ್ದಾಣಕ್ಕೆ ಬಂತು. ಮನೆಯವರು ಮೊಕದ್ದಮೆ ಹೂಡಿದರು. 2009ರಲ್ಲಿ ಟೆಕ್ಸಾಸಿನ ನ್ಯಾಯಾಲಯ, ಆ ವಿದೇಶಿ ಕಂಪನಿ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಮೂಲ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ.

ಪರವಾನಗಿ ಕೊಡುವುದು ಫೋಟೊ ತೆಗೆದವರು. ಕೃತಿಸ್ವಾಮ್ಯ ಅವರದೇ, ಒಪ್ಪೋಣ. ಮುಖ? ಅದಕ್ಕೆ ‘ಮಾಡೆಲ್ ರಿಲೀಸ್’ ಎಂಬ ಒಪ್ಪಿಗೆ ಪತ್ರವಿದೆ. ಜಾಹೀರಾತಿಗೆ ಚಿತ್ರ ಮಾರುವ ಸಂಸ್ಥೆಗಳು ಅದನ್ನು ಕೇಳುತ್ತವೆ. ಆದರೆ ಸಹಿ ಹಾಕುವಾಗ, ತನ್ನ ಮುಖ ಮುಂದೆ ಯಾವ ಪದದ ಪಕ್ಕ ಕೂರಲಿದೆ ಎಂದು ಆಕೆಗೆ ಗೊತ್ತಿರುವುದಿಲ್ಲ. ಇವತ್ತು ಒಂಟಿತನ, ನಾಳೆ ಮರೆವಿನ ಕಾಯಿಲೆ. ಆ ಪದವನ್ನು ಆರಿಸುವವನು ನಾನು. ಹಾಗಾಗಿ ಪರವಾನಗಿಯನ್ನು ತೋರಿಸಿ ನಾನು ಪಾರಾಗಲಾರೆ.

ಹಾಗೆಂದು ಮನುಷ್ಯರ ಬಗ್ಗೆ ಬರೆದು ಬರೀ ಮರ, ಮೋಡ ತೋರಿಸುವುದೂ ಒಂಥರಾ ತಲೆಮರೆಸಿಕೊಂಡಂತೆಯೇ. (ಎಐ ಬರೆದ ಮುಖ ನೋಡಿ ಮರುಗುವುದಂತೂ ಬೇರೆಯೇ ತಮಾಷೆ.) ಸದ್ಯಕ್ಕೆ ಒಂದು ಖಾಲಿ ಕುರ್ಚಿಯ ಫೋಟೊ ಕಳಿಸಿದ್ದೇನೆ. ಸಂಪಾದಕರಿಗೆ ಸಪ್ಪೆ ಎನಿಸಬಹುದು.