ಒಂದೇ ಮಡಕೆಗೆ ಐದು ಚಮಚ



ಭಾನುವಾರದ ಬಲಿಪೂಜೆ ಮುಗಿಸಿ, 'ಇವತ್ತು ಹೊರಗೆ ಊಟ ಮಾಡೋಣ' ಎಂದರೆ ನಿಮ್ಮ ಮನೆಯ ಮಕ್ಕಳು ಏನು ಕೇಳುತ್ತಾರೆ? ನಾವು ಚಿಕ್ಕವರಿದ್ದಾಗ ಮಸಾಲೆ ದೋಸೆ ಎಂದರೆ ಸ್ವರ್ಗ. ನಮ್ಮ ನಂತರದವರಿಗೆ ಬಿರಿಯಾನಿ. ಈಗಿನವರು ಕೊರಿಯಾ ಹೋಟೆಲು ಎನ್ನುತ್ತಾರೆ. ಬೆಂಗಳೂರಿಗೆ ಈ ಹೋಟೆಲುಗಳು ತೀರ ಹೊಸತಲ್ಲ. ಕೆಲಸಕ್ಕೆಂದು, ಓದಿಗೆಂದು ಬಂದ ಕೊರಿಯಾದವರಿಗಾಗಿ ಕಮ್ಮನಹಳ್ಳಿಯ ಕಡೆ ಅಂಥ ಊಟದ ಮನೆಗಳು ಮೊದಲೇ ಇದ್ದವು. ಆದರೆ 2020ರ ಲಾಕ್‌ಡೌನ್ ಕಾಲದಲ್ಲಿ ಮಕ್ಕಳು ಮನೆಯಲ್ಲಿ ಕೂತು ಕೊರಿಯಾದ ಧಾರಾವಾಹಿಗಳನ್ನು ನೋಡತೊಡಗಿದ ಮೇಲೆ ಅವು ನಮ್ಮವರಿಗೂ ಬೇಕಾದವು.

ಅಣ್ಣನ ಮಗಳಿಗೆ ಮೊದಲ ಸಂಬಳ ಬಂತು. 'ಚಿಕ್ಕಪ್ಪ, ನೀವೂ ಬರಬೇಕು' ಎಂದು ಹಟ ಹಿಡಿದಳು. ಅಣ್ಣ, ಅತ್ತಿಗೆ, ಅವಳು, ಅವಳ ತಮ್ಮ, ನಾನು, ಹೀಗೆ ಐದು ಜನ ಹೋದೆವು.

ಸುಳ್ಳೇಕೆ ಹೇಳಲಿ, ಮೊದಲ ಅರ್ಧ ಗಂಟೆ ಬಹಳ ಚೆನ್ನಾಗಿತ್ತು. ಕೇಳುವ ಮೊದಲೇ ಸಣ್ಣ ಸಣ್ಣ ತಟ್ಟೆಗಳು ಬಂದು ಮೇಜು ತುಂಬಿದವು. ಖಾರ ಹಾಕಿ ಹುಳಿ ಬರಿಸಿದ ಕೋಸು, ಅಂದರೆ ಕಿಮ್ಚಿ. ಮೊಳಕೆ ಕಾಳು, ಎಳ್ಳೆಣ್ಣೆ ಹಾಕಿದ ಸೊಪ್ಪು, ಕಡ್ಡಿಯಂಥ ಒಣ ಮೀನು. ಇವಕ್ಕೆ ಬಾಂಚನ್ ಎಂದು ಹೆಸರಂತೆ. ಮುಗಿದರೆ ಮತ್ತೆ ತಂದುಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. 'ಬಾಳೆಲೆ ತುದಿಗೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಡಿಸಿದ ಹಾಗೇ ಇದೆ' ಎಂದು ಅತ್ತಿಗೆಗೆ ಖುಷಿಯಾಯಿತು. ಅನ್ನ ಮುಚ್ಚಳವಿರುವ ಸ್ಟೀಲ್ ಬಟ್ಟಲಲ್ಲಿ ಬಂತು. ಹಂದಿ ಮಾಂಸವನ್ನು ಮೇಜಿನ ಮೇಲೆಯೇ ಸುಟ್ಟು ಕತ್ತರಿಯಲ್ಲಿ ಕತ್ತರಿಸಿದರು. ಪಕ್ಕದ ಮೇಜಿನಲ್ಲಿ ಕೊರಿಯಾದವರೇ ಇದ್ದರು. ಒಬ್ಬ ಹುಡುಗ ಹಿರಿಯರಿಗೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿಕೊಟ್ಟ, ತಾನು ಕುಡಿಯುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡ. ಹಿರಿಯರು ಚಮಚ ಎತ್ತುವವರೆಗೆ ಉಳಿದವರು ಎತ್ತಲಿಲ್ಲ. ಅಣ್ಣನಿಗೆ ಇದು ಬಹಳ ಹಿಡಿಸಿತು. 'ನೋಡಿ ಕಲಿಯಿರಿ' ಎಂದು ಮಕ್ಕಳಿಗೆ ಎರಡು ಸಲ ಹೇಳಿದ.

ಆಮೇಲೆ ಮಡಕೆ ಬಂತು. ಕಪ್ಪು ಮಣ್ಣಿನ ಮಡಕೆಯಲ್ಲಿ ಕೊತಕೊತ ಕುದಿಯುವ ಸಾರು. ಹುಳಿ ಬರಿಸಿದ ಸೋಯಾ ಅವರೆಯ ಹಿಟ್ಟಿನಿಂದ ಮಾಡಿದ್ದು, ಘಾಟು ವಾಸನೆ. ಅದನ್ನು ಮೇಜಿನ ನಡುವೆ ಇಟ್ಟು ಹೋದರು. ಬೇರೆ ಬಟ್ಟಲಿಲ್ಲ, ಸೌಟೂ ಇಲ್ಲ. ಮಗಳು ತನ್ನ ಚಮಚ ಅದ್ದಿ ಕುಡಿದಳು, ಅದೇ ಚಮಚವನ್ನು ಮತ್ತೆ ಅದ್ದಿದಳು. 'ಎಲ್ಲರೂ ಇದರಲ್ಲೇ ತಿನ್ನೋದು ಅಮ್ಮಾ' ಎಂದಳು.

'ಅಯ್ಯೋ, ಎಂಜಲು ಕಣೇ!' ಎಂದರು ಅತ್ತಿಗೆ.

ನಾನು ಹೊಟ್ಟೆ ಸರಿಯಿಲ್ಲ ಎಂದೆ. ನನ್ನ ಹೊಟ್ಟೆಗೆ ಏನೂ ಆಗಿರಲಿಲ್ಲ.

ಇದೊಂದು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ಹೋಟೆಲಿಗೆ ಹೋದ ಮೇಲೆ ಬೇಕಾದ್ದು ತಿನ್ನುವುದು, ಬೇಡದ್ದು ಬಿಡುವುದು. ಇದರಲ್ಲಿ ಧರ್ಮ ಅಧರ್ಮದ ಪ್ರಶ್ನೆ ಎಲ್ಲಿ ಬಂತು? ನಾನೂ ಹಾಗೆಯೇ ಅಂದುಕೊಂಡು ಮನೆಗೆ ಬಂದೆ. ಆದರೆ ಆ 'ಎಂಜಲು' ಎಂಬ ಮಾತು ಕೆಲವು ದಿನ ನನ್ನನ್ನು ಬಿಡಲಿಲ್ಲ.

ಶುಚಿತ್ವದ ಮಾತನ್ನು ಮೊದಲು ಮುಗಿಸಿಬಿಡೋಣ. ಒಬ್ಬರ ಬಾಯಿಯಿಂದ ಇನ್ನೊಬ್ಬರಿಗೆ ಕಾಯಿಲೆ ಹರಡುತ್ತದೆ ಎಂಬುದು ನಿಜ. ಕೊರೋನಾ ಬಂದ 2020ರಲ್ಲಿ ಕೊರಿಯಾದ ಸರಕಾರವೇ ಸಾರನ್ನು ಬೇರೆ ಬೇರೆ ಬಟ್ಟಲಿಗೆ ಹಾಕಿಕೊಂಡು ತಿನ್ನಿ ಎಂದು ಜನರಿಗೆ ಹೇಳಿತು. ಹೀಗಾಗಿ ನೀವು ಅಲ್ಲಿಗೆ ಹೋದರೆ ಸಂಕೋಚವಿಲ್ಲದೆ ಒಂದು ಸೌಟು, ನಾಲ್ಕು ಬಟ್ಟಲು ಕೇಳಿ. ಸಂತೋಷವಾಗಿ ಕೊಡುತ್ತಾರೆ. ಅದರಲ್ಲಿ ತಪ್ಪಿಲ್ಲ.

ಆದರೆ ಎಂಜಲು ಎಂದರೆ ಬರೀ ಕೊಳಕೇ? ಯೋಚಿಸಿ ನೋಡಿ. ತಾಯಿ ಮಗು ಬಿಟ್ಟ ಅನ್ನವನ್ನು ಬಳಿದು ತಿನ್ನುತ್ತಾಳೆ. ಅಜ್ಜಿ ಸುತ್ತ ಮಕ್ಕಳನ್ನು ಕೂರಿಸಿಕೊಂಡು ಒಂದೇ ಕೈಯಲ್ಲಿ ಎಲ್ಲರಿಗೂ ಕೈತುತ್ತು ಹಾಕುತ್ತಾಳೆ. ಶಾಲೆಯಲ್ಲಿ ನಾವು ಪೆಪ್ಪರಮೆಂಟನ್ನು ಅಂಗಿಯ ತುದಿಯಲ್ಲಿ ಸುತ್ತಿ ಕಚ್ಚಿ, 'ಗುಬ್ಬಿ ಎಂಜಲು, ದೋಷವಿಲ್ಲ' ಎಂದು ಗೆಳೆಯನಿಗೆ ಅರ್ಧ ಕೊಡಲಿಲ್ಲವೇ? ಆ ಅಂಗಿಯ ತುದಿಯಿಂದ ಯಾವ ಕ್ರಿಮಿ ಸತ್ತಿತು? ನಮ್ಮ ನಾಲಿಗೆಗೆ ಅಂಟಿದ ಅಸಹ್ಯ ಕ್ರಿಮಿಯನ್ನು ನೋಡಿ ಹುಟ್ಟುವುದಿಲ್ಲ, ಮನುಷ್ಯರನ್ನು ನೋಡಿ ಹುಟ್ಟುತ್ತದೆ. ನಮ್ಮವರದ್ದು ಎಂಜಲಲ್ಲ, ಬೇರೆಯವರದ್ದು ಎಂಜಲು. ನಮ್ಮೂರಿನ ಹಬ್ಬದ ಊಟದಲ್ಲಿ ಹುಡುಗನಾಗಿದ್ದ ನನ್ನ ಕೈಗೆ ಸಾರಿನ ಬಕೆಟ್ಟು ಕೊಟ್ಟಿದ್ದರು. ಕೊನೆಯ ಪಂಕ್ತಿಗೆ ಬಂದಾಗ ಸೌಟನ್ನು ಒಂದು ಗೇಣು ಮೇಲೆತ್ತಿ ಹಾಕಬೇಕೆಂದು ಯಾರೂ ನನಗೆ ಬಾಯಿಬಿಟ್ಟು ಹೇಳಿರಲಿಲ್ಲ. ನಾನಾಗಿಯೇ ಎತ್ತಿದೆ. ಆ ಪಂಕ್ತಿಯಲ್ಲಿ ಕೂತಿದ್ದವರೂ ನಮ್ಮ ಧರ್ಮಕೇಂದ್ರದವರೇ. ಹಿಂದಿನ ದಿನ ದೇವಾಲಯದ ಮುಂದೆ ತಮಟೆ ಬಾರಿಸಿದವರು.

ಕೊರಿಯಾದವರು ಎಲ್ಲರೂ ಒಂದೇ ಮಡಕೆಗೆ ಚಮಚ ಹಾಕುವುದನ್ನು ಕಂಡು, ಅವರಲ್ಲಿ ಭೇದವೇ ಇರಲಿಲ್ಲ ಎಂದು ತಿಳಿಯಬೇಡಿ. ಈ ಪದ್ಧತಿ ನಾವು ಅಂದುಕೊಂಡಷ್ಟು ಹಳೆಯದಲ್ಲ. ಅರಸರ ಕಾಲದಲ್ಲಿ ಗಣ್ಯ ಮನೆತನದ ಗಂಡಸರಿಗೆ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಮೇಜಿನಲ್ಲಿ ಪ್ರತ್ಯೇಕ ಊಟ ಬರುತ್ತಿತ್ತು. ಅಂತಸ್ತಿಗೆ ತಕ್ಕ ಹಾಗೆ ಬಟ್ಟಲುಗಳ ಲೆಕ್ಕ. ಎಲ್ಲರಿಗಿಂತ ಕೆಳಗೆ ಇದ್ದವರಲ್ಲಿ ಪ್ರಾಣಿಗಳನ್ನು ಕಡಿದು ಮಾಂಸ ಮಾಡುವವರು ಒಬ್ಬರು. ಅವರನ್ನು ಬೆಕ್‌ಜಾಂಗ್ ಎನ್ನುತ್ತಿದ್ದರು. ಅವರು ಊರಿನಿಂದ ಬೇರೆಯಾಗಿ ವಾಸಿಸಬೇಕು, ಮನೆಗೆ ಹೆಂಚು ಹೊದಿಸಕೂಡದು, ರೇಷ್ಮೆ ಉಡಕೂಡದು. ಬೇರೆಯವರ ಮಕ್ಕಳೂ ಅವರನ್ನು ಏಕವಚನದಲ್ಲಿ ಮಾತನಾಡಿಸುತ್ತಿದ್ದರು, ಇವರು ಆ ಮಕ್ಕಳಿಗೂ ಬಹುವಚನ ಹಚ್ಚಬೇಕು. ಓದುವಾಗ ಇದು ಯಾವುದೋ ದೂರದೇಶದ ಸಂಗತಿ ಎಂದು ನನಗೆ ಅನ್ನಿಸಲೇ ಇಲ್ಲ. ನಿಮಗೆ ಅನ್ನಿಸುತ್ತದೆಯೇ?

ಕೊರಿಯಾದ ಧರ್ಮಸಭೆ ಹುಟ್ಟಿದ ಬಗೆ ನಿಮಗೆ ಗೊತ್ತಿರಬಹುದು. ಅಲ್ಲಿಗೆ ಮೊದಲು ಹೋದವರು ಗುರುಗಳಲ್ಲ. ಚೀನಾದಿಂದ ಬಂದ ಪುಸ್ತಕಗಳನ್ನು ಓದಿದ ವಿದ್ವಾಂಸರೇ ವಿಶ್ವಾಸವನ್ನು ಹುಡುಕಿಕೊಂಡು ಹೋದರು. 1784ರಲ್ಲಿ ಅವರಲ್ಲೊಬ್ಬರು ಬೀಜಿಂಗಿನಲ್ಲಿ ಸ್ನಾನದೀಕ್ಷೆ ಪಡೆದು ಬಂದರು. ನಂತರ ಸುಮಾರು 10 ವರ್ಷ ಆ ಸಭೆಗೆ ಗುರುಗಳೇ ಇರಲಿಲ್ಲ. ಆ ವಿದ್ವಾಂಸರೆಲ್ಲ ಉಚ್ಚ ಕುಲದವರು. ಅವರ ನಡುವೆ ಹ್ವಾಂಗ್ ಇಲ್‌ಗ್ವಾಂಗ್ ಎಂಬ ಬೆಕ್‌ಜಾಂಗ್ ಬಂದು ಸೇರಿದರು. ದೀಕ್ಷೆಯಲ್ಲಿ ಸಿಮೋನ ಎಂಬ ಹೆಸರು ಪಡೆದರು. ಹೊರಗೆ ಜನ ದೂರವಿಡುತ್ತಿದ್ದ ಕಾಲದಲ್ಲಿ ಗಣ್ಯರೂ ಅವರನ್ನು ಮನೆಯೊಳಗೆ ಕರೆದು ಸಹೋದರನಂತೆ ಕಂಡರು. ತನಗೆ ಎರಡು ಸ್ವರ್ಗಗಳಿವೆ, ಸತ್ತ ಮೇಲೆ ಸಿಗುವುದು ಒಂದು, ತನ್ನನ್ನು ಮನುಷ್ಯನೆಂದು ಕಾಣುವ ಇವರ ನಡುವೆ ಈಗಾಗಲೇ ಸಿಕ್ಕಿರುವುದು ಇನ್ನೊಂದು, ಎಂದು ಅವರು ಹೇಳುತ್ತಿದ್ದರಂತೆ. 1802ರಲ್ಲಿ ಅವರ ತಲೆ ಕಡಿದರು. 2014ರ ಆಗಸ್ಟಿನಲ್ಲಿ ಜಗದ್ಗುರು ಫ್ರಾನ್ಸಿಸರು ಸೋಲ್ ನಗರದಲ್ಲಿ ಪುನೀತರೆಂದು ಘೋಷಿಸಿದ 124 ರಕ್ತಸಾಕ್ಷಿಗಳಲ್ಲಿ ಅವರೂ ಇದ್ದಾರೆ.

ಕಾನೂನಿನಲ್ಲಿ ಆ ಭೇದ 1894ರಲ್ಲಿ ಹೋಯಿತು, ಜನರ ಮನಸ್ಸಿನಲ್ಲಿ ಹೋಗಲಿಲ್ಲ. 1923ರಲ್ಲಿ ಚಿಂಜು ಎಂಬ ಊರಿನಲ್ಲಿ ಬೆಕ್‌ಜಾಂಗರು ಸಂಘ ಕಟ್ಟಬೇಕಾಯಿತು. ತಾವು ದಿನವೂ ಮಾಂಸ ತೂಗುತ್ತಿದ್ದ ತಕ್ಕಡಿಯ ಹೆಸರನ್ನೇ ಸಂಘದ ಹೆಸರಿನಲ್ಲಿ ಇಟ್ಟುಕೊಂಡರು. ಈಗ 'ಬೆಕ್‌ಜಾಂಗ್' ಎಂಬುದು ಮಾಂಸ ಸುಡುವ ಹೋಟೆಲುಗಳ ಫಲಕದ ಮೇಲಿನ ಹೆಸರು.

ಇಷ್ಟನ್ನು ಓದಿಕೊಂಡ ಮೇಲೆ ನಾನು ಇನ್ನೊಮ್ಮೆ ಆ ಹೋಟೆಲಿಗೆ ಹೋದೆ. ನಮಗೆ ಅಂದು ಬಡಿಸಿದ ಹುಡುಗಿ ಕೊರಿಯಾದವಳೆಂದೇ ನಾವು ತಿಳಿದಿದ್ದೆವು. ಅತ್ತಿಗೆ ಅವಳ ಮೈಬಣ್ಣವನ್ನು, ನಯವನ್ನು ಹೊಗಳಿದ್ದೂ ಹೊಗಳಿದ್ದೇ. ಈ ಸಲ ಅವಳ ಬೆರಳಿನಲ್ಲಿ ಜಪಮಾಲೆಯ ಉಂಗುರ ಕಂಡಿತು. ಕೇಳಿದೆ. ಮಣಿಪುರದ ಗುಡ್ಡಗಾಡಿನವಳು, ಕಥೋಲಿಕಳು. ಭಾನುವಾರ ಬೆಳಗಿನ ಇಂಗ್ಲಿಷ್ ಪೂಜೆಗೆ ಬರುವುದು ನಮ್ಮ ದೇವಾಲಯಕ್ಕೇ. ನಾವು ಕನ್ನಡ ಪೂಜೆ ಮುಗಿಸಿ ಗೇಟಿನಲ್ಲಿ ನಿಂತು ಹರಟುವಾಗ ಅವರ ಗುಂಪು ನಮ್ಮ ಪಕ್ಕದಲ್ಲೇ ಒಳಗೆ ಹೋಗುತ್ತದೆ.

ಈಗ ಹೇಳಲೇಬೇಕಾದ ಸಂಗತಿಯೊಂದಿದೆ. ಕೆಲವು ವರ್ಷಗಳ ಹಿಂದೆ ಅಣ್ಣನ ಮಹಡಿಯ ಮನೆಯಲ್ಲಿ ನಾಗಾಲ್ಯಾಂಡಿನ ಮೂವರು ಹುಡುಗಿಯರು ಬಾಡಿಗೆಗಿದ್ದರು. ನರ್ಸುಗಳು. ಬಾಡಿಗೆ ಒಂದು ದಿನ ತಡವಾಗಲಿಲ್ಲ. ಅಡುಗೆಯ ವಾಸನೆ ಮಾತ್ರ ಕೆಳಗೆ ಬರುತ್ತಿತ್ತು. ಆಖುನಿ ಎಂದು ಹೆಸರು, ಬೇಯಿಸಿದ ಸೋಯಾ ಅವರೆಯನ್ನು ಎಲೆಯಲ್ಲಿ ಕಟ್ಟಿ ಹುಳಿ ಬರಿಸುವುದು. ಅಕ್ಕಪಕ್ಕದವರು ಏನೆಂದುಕೊಂಡಾರು ಎಂದು ಅತ್ತಿಗೆಗೆ ಚಿಂತೆ. ಮನೆ ಖಾಲಿ ಮಾಡಿ ಎಂದು ಹೇಳಲು ಅಣ್ಣನಿಗೆ ಮುಜುಗರ. ಮೆಟ್ಟಿಲು ಹತ್ತಿ ಹೋಗಿ ಹೇಳಿದವನು ನಾನು. 'ಮನೆಗೆ ರಿಪೇರಿ ಇದೆ' ಎಂದೆ. ಅವರಲ್ಲಿ ಹಿರಿಯಳು ನನ್ನ ಮುಖ ನೋಡಿ, 'ಓಕೆ ಅಂಕಲ್' ಎಂದಳು. ಅವರಿಗೆ ಆ ಮಾತು ಹೊಸತಾಗಿರಲಿಲ್ಲ.

ಸೋಯಾ ಅವರೆ ಒಂದೇ, ಹುಳಿ ಬರಿಸುವ ವಿದ್ಯೆಯೂ ಹತ್ತಿರದ್ದೇ. ನಾಗಾಲ್ಯಾಂಡಿನಲ್ಲಿ ಆಖುನಿ, ಮಣಿಪುರದಲ್ಲಿ ಹವಾಯ್‌ಜಾರ್, ಮೇಘಾಲಯದಲ್ಲಿ ತುಂಗ್ರಂಬಾಯ್. ಕೊರಿಯಾದಲ್ಲಿ ಬೆಂದ ಕಾಳನ್ನು ಕುಟ್ಟಿ ಇಟ್ಟಿಗೆಯಂತೆ ಮಾಡಿ, ಒಣಗಿಸಿ, ಉಪ್ಪುನೀರಿನ ಜಾಡಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಅದು ದ್ವೆನ್‌ಜಾಂಗ್. ಅಂದು ನಮ್ಮ ಮೇಜಿಗೆ ಬಂದ ಮಡಕೆಯಲ್ಲಿದ್ದದ್ದು ಅದೇ. ಈ ವಿದ್ಯೆಯನ್ನು 2024ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ ವಾಸನೆಗೆ ಅಣ್ಣನ ಮಗಳು ತನ್ನ ಮೊದಲ ಸಂಬಳದಲ್ಲಿ ದುಡ್ಡು ಕೊಟ್ಟಳು. ಮಹಡಿಯಿಂದ ಬಿಟ್ಟಿಯಾಗಿ ಬಂದಾಗ ನಾವು ಮೂಗು ಮುಚ್ಚಿ ಮೂವರನ್ನು ಬೀದಿಗೆ ಕಳಿಸಿದೆವು. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಲ್ಲಿ ಗುವಾಹಟಿಯ ರೈಲು ಹತ್ತಿದಾಗ 'ಪಾಪ' ಎಂದು ಮರುಗಿದವರೂ ನಾವೇ.

ಸಂತ ಪೇತ್ರರಿಗೂ ಇಂಥದ್ದೊಂದು ಗಳಿಗೆ ಬಂದಿತ್ತು. ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ತೆರೆದು ನೋಡಿ. ಅಂತಿಯೋಕ್ಯದಲ್ಲಿ ಅವರು ಅನ್ಯಜನರೊಡನೆ ಕೂತು ಊಟ ಮಾಡುತ್ತಿದ್ದರು, ಯಾವ ಅಸಹ್ಯವೂ ಇರಲಿಲ್ಲ. ಜೆರುಸಲೇಮಿನಿಂದ ತಮ್ಮವರು ಬಂದ ಕೂಡಲೇ ಮೆಲ್ಲಗೆ ಹಿಂದೆ ಸರಿದರು. ಸಂತ ಪೌಲರು ಎಲ್ಲರೆದುರಿಗೆ ಅವರನ್ನು ತರಾಟೆಗೆ ತೆಗೆದುಕೊಂಡರು. ನನಗೆ ಇದರಲ್ಲಿ ಎದ್ದು ಕಾಣುವುದು ಒಂದು ವಿಷಯ. ಪೇತ್ರರ ನಾಲಿಗೆ ಬದಲಾಗಿರಲಿಲ್ಲ. ನೋಡುವವರು ಬದಲಾಗಿದ್ದರು. ಅತ್ತಿಗೆಯನ್ನು ಕಾಡಿದ್ದೂ ವಾಸನೆಗಿಂತ ಹೆಚ್ಚಾಗಿ ಅಕ್ಕಪಕ್ಕದವರು. ನನಗೆ ಆ ನೆಪವೂ ಇಲ್ಲ.

ಹಾಗಾದರೆ ಹೋಟೆಲಿನಲ್ಲಿ ಒಂದೇ ಮಡಕೆಯಿಂದ ತಿಂದುಬಿಟ್ಟರೆ ನಾವು ಒಳ್ಳೆಯವರಾದೆವೇ? ಖಂಡಿತ ಇಲ್ಲ. ದುಡ್ಡು ಕೊಟ್ಟು ಕೂತ ಮೇಜು ಅದು. ಅಲ್ಲಿ ನಮಗೆ ಬೇಕಾದಷ್ಟನ್ನು ಇಷ್ಟಪಟ್ಟು, ಬಿಲ್ಲು ಕೊಟ್ಟು, ಎದ್ದು ಬರಬಹುದು. ಯಾರಿಗೂ ನಾವು ಏನೂ ಬಾಕಿ ಇರುವುದಿಲ್ಲ. ನೆರೆಯವರ ಮಡಕೆ ಹಾಗಲ್ಲ. ಅದನ್ನು ತಿಂದರೆ ನಾಳೆ ಅವರನ್ನು ಕರೆಯಬೇಕು, ಅವರ ಕಷ್ಟ ಕೇಳಬೇಕು, ಮನೆ ಮಾಲೀಕರ ಮುಂದೆ ಅವರ ಪರವಾಗಿ ಮಾತನಾಡಬೇಕು. ಅದಕ್ಕೇ ನಮಗೆ ಹೋಟೆಲು ಸುಲಭ. ಆದರೂ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ, ಮಕ್ಕಳೊಂದಿಗೆ ಹೋಗಿ. ಬಾಂಚನ್ ಪುಕ್ಕಟೆ ಎಂದು ಕೇಳಿ ಕೇಳಿ ತರಿಸಿಕೊಂಡು ತಟ್ಟೆಯಲ್ಲಿ ಬಿಡಬೇಡಿ. ಬಡಿಸುವವರನ್ನು ಊರು ಯಾವುದೆಂದು ಕೇಳುವುದಾದರೆ ಉತ್ತರ ಕೇಳುವಷ್ಟು ಹೊತ್ತು ನಿಲ್ಲಿ.

ಕಳೆದ ತಿಂಗಳು ನಮ್ಮ ಕನ್ನಡ ಪೂಜೆ ಮುಗಿದ ಮೇಲೆ ನಾನು ಗೇಟಿನಲ್ಲಿ ನಿಂತು ಆ ಹುಡುಗಿಯನ್ನು ಅಣ್ಣ ಅತ್ತಿಗೆಗೆ ಪರಿಚಯ ಮಾಡಿಸಿದೆ. ಅತ್ತಿಗೆ ಅವಳ ಕೈ ಹಿಡಿದು, 'ಹೋಟೆಲಲ್ಲಿ ನೋಡಿದ್ದೆ ಅಲ್ವಾ ನಿನ್ನ!' ಎಂದು ನಕ್ಕರು. ಅವಳು ಇನ್ನಿಬ್ಬರೊಡನೆ ಒಂದು ಪುಟ್ಟ ಕೋಣೆಯಲ್ಲಿದ್ದಾಳೆ. ಮಾಲೀಕರು ಬಿಡಿ ಎಂದಿದ್ದಾರಂತೆ. ಕಾರಣವನ್ನು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮಹಡಿಯ ಮನೆ ಈಗ ಖಾಲಿಯಿದೆ. ನಾನು ಅಣ್ಣನ ಹತ್ತಿರ ಮಾತೆತ್ತಿದ್ದೇನೆ. ಅವನು ಅತ್ತಿಗೆಯನ್ನು ಕೇಳು ಎಂದ. ಅತ್ತಿಗೆ, 'ಯೋಚನೆ ಮಾಡಿ ಹೇಳ್ತೀನಿ' ಎಂದಿದ್ದಾರೆ. ಆ ಹಳೆಯ ಮೂವರ ಫೋನ್ ನಂಬರು ನನ್ನ ಹತ್ತಿರ ಇನ್ನೂ ಇದೆ. ಅವರಿಗೆ ಏನೆಂದು ಫೋನ್ ಮಾಡಬೇಕೋ ಗೊತ್ತಾಗದೆ ಸುಮ್ಮನಿದ್ದೇನೆ.