ನಿಶ್ಚಯವು ಸತ್ಯಕ್ಕೆ ಸಾಕ್ಷಿಯೋ?

ಒಂದು ವಿಷಯದಲ್ಲಿ ನಮ್ಮ ಮನಸ್ಸಿಗೆ ಪೂರ್ಣ ನಿಶ್ಚಯವುಂಟಾದರೆ ಆ ವಿಷಯವು ಸತ್ಯವೆಂದು ಹೇಳಬಹುದೋ? ಈ ಪ್ರಶ್ನೆಯು ಪಂಡಿತರಿಗೆ ಮಾತ್ರ ಸೇರಿದ್ದೆಂದು ಕೆಲವರು ಎಣಿಸಾರು. ಆದರೆ ಸ್ಕಿಜೋಫ್ರೀನಿಯಾ ಎಂಬ ಮನೋವ್ಯಾಧಿಯುಳ್ಳ ಮಗನಾಗಲಿ ತಂಗಿಯಾಗಲಿ ಇರುವ ಮನೆಯಲ್ಲಿ ಇದು ದಿನದಿನದ ಪ್ರಶ್ನೆಯಾಗಿದೆ. ಲೋಕದಲ್ಲಿ ಸುಮಾರು 300 ಜನರಿಗೆ ಒಬ್ಬರಂತೆ ಈ ವ್ಯಾಧಿಯಿರುವದರಿಂದ ಅಂಥ ಮನೆಗಳು ಕೊಂಚವಲ್ಲ.

ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯಲ್ಲಿ ಒಬ್ಬ ಯೌವನಸ್ಥನನ್ನು ನೋಡುವದಕ್ಕೆ ನಮ್ಮನ್ನು ಕರೆದರು. ನೆರೆಮನೆಯವರು ಗೋಡೆಯ ಆಚೆಯಲ್ಲಿ ಕೂತು ತನಗೆ ವಿಷವಿಕ್ಕುವ ಆಲೋಚನೆ ಮಾಡುವದು ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತದೆಂದು ಅವನು ಹೇಳಿದನು. ತಾಯಿ ಬಡಿಸಿದ ಅನ್ನವನ್ನು ಮುಟ್ಟದೆ ಎರಡು ದಿನಗಳಾಗಿದ್ದವು. ನಾವು ಅವನ ಸಂಗಡ ವಾದಕ್ಕೆ ಕೂತೆವು. ನೆರೆಯವರು ಊರಲ್ಲೇ ಇಲ್ಲವೆಂದು ಹೇಳಿ, ಬೀಗ ಹಾಕಿದ ಅವರ ಬಾಗಲನ್ನು ತೋರಿಸಿದೆವು. ಅವನು ನಮ್ಮನ್ನು ಬಹಳ ಹೊತ್ತು ನೋಡಿ, "ಉಪದೇಶಿಗಳೇ, ಅವರು ನಿಮಗೂ ಹಣ ಕೊಟ್ಟಿದ್ದಾರೋ?" ಎಂದು ಕೇಳಿದನು. ನಾವು ಜಯಿಸಬೇಕೆಂದು ಆಡಿದ ಮಾತುಗಳು ಅವನ ಭಯದ ಗೋಡೆಗೆ ಇನ್ನೊಂದು ಕಲ್ಲನ್ನು ಇಟ್ಟವು.

ಅವನಿಗೆ ಬುದ್ಧಿ ಕಡಿಮೆಯಾದ್ದರಿಂದ ಹೀಗಾಯಿತೋ? ಎಷ್ಟು ಮಾತ್ರವೂ ಅಲ್ಲ. ಅಮೇರಿಕಾ ದೇಶದ ಗಣಿತಶಾಸ್ತ್ರಿಯಾದ ಜಾನ್ ನ್ಯಾಶ್ ಎಂಬವರು (1928–2015) 1959ರಲ್ಲಿ ಇದೇ ವ್ಯಾಧಿಯಿಂದ ಆಸ್ಪತ್ರೆ ಸೇರಿದರು. ತಾರುಣ್ಯದಲ್ಲಿ ಮಾಡಿದ ಕೆಲಸಕ್ಕಾಗಿ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಹೊಂದಿದರು. ತರ್ಕವನ್ನು ಬಲ್ಲ ನೀವು ಅನ್ಯಲೋಕದವರು ನಿಮಗೆ ಸಂದೇಶ ಕಳುಹಿಸುತ್ತಾರೆಂದು ಹೇಗೆ ನಂಬಿದಿರೆಂದು ಒಬ್ಬ ಸ್ನೇಹಿತರು ಕೇಳಿದಾಗ, ಗಣಿತದ ವಿಚಾರಗಳು ತನಗೆ ಹೊಳೆದ ರೀತಿಯಲ್ಲಿಯೇ ಇವೂ ಹೊಳೆದದ್ದರಿಂದ ನಂಬಿದೆನೆಂಬ ಅರ್ಥದಲ್ಲಿ ಅವರು ಉತ್ತರಕೊಟ್ಟರು. ಸತ್ಯವಾದದ್ದೂ ಸುಳ್ಳಾದದ್ದೂ ಒಂದೇ ಬಾಗಲಿನಿಂದ, ಒಂದೇ ವೇಷದಲ್ಲಿ ಒಳಗೆ ಬಂದವು. ಹೀಗಿರಲಾಗಿ ನಿಶ್ಚಯವೆಂಬದು ಮನಸ್ಸಿನ ಒಂದು ರುಚಿಯೇ ಹೊರತು ತಕ್ಕಡಿಯಲ್ಲ. ಜ್ವರವುಳ್ಳವನ ನಾಲಿಗೆಗೆ ಹಾಲು ಕಹಿಯಾಗುತ್ತದೆ. ಅವನು ಸುಳ್ಳುಗಾರನಲ್ಲ, ಹಾಲೂ ಕೆಟ್ಟಿಲ್ಲ.

1988ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿದೆ. ಎರಡು ಪಾತ್ರೆಗಳಲ್ಲಿ ಎರಡು ಬಣ್ಣದ ಮಣಿಗಳು. ಒಂದರಲ್ಲಿ ಒಂದು ಬಣ್ಣದ 85 ಮತ್ತೊಂದು ಬಣ್ಣದ 15, ಇನ್ನೊಂದರಲ್ಲಿ ಅದಕ್ಕೆ ವಿರೋಧ. ಮರೆಯಲ್ಲಿರುವ ಒಂದು ಪಾತ್ರೆಯಿಂದ ಒಂದೊಂದೇ ಮಣಿಯನ್ನು ತೋರಿಸುತ್ತಾ, ಇದು ಯಾವ ಪಾತ್ರೆಯೆಂದು ಕೇಳುವರು. ಭ್ರಮೆಯುಳ್ಳವರಲ್ಲಿ ಅನೇಕರು ಒಂದೆರಡು ಮಣಿಗಳನ್ನು ನೋಡಿದ ಮಾತ್ರಕ್ಕೆ ನಿರ್ಣಯಿಸಿಬಿಟ್ಟರು. ಇತರರು ಇನ್ನೂ ಕೆಲವನ್ನು ನೋಡಬೇಕೆಂದರು. ಮಿದುಳಿನಲ್ಲಿ ಡೋಪಮೈನ್ ಎಂಬ ರಸದ ವ್ಯವಹಾರವು ಏರುಪೇರಾದಾಗ ಅಲ್ಪವಾದ ಸಂಗತಿಗೂ ಮಹಾ ಅರ್ಥವು ಅಂಟಿಕೊಳ್ಳುತ್ತದೆಂದು ವೈದ್ಯರು ತಿಳಿಯುತ್ತಾರೆ.

ಹಾಗಾದರೆ ಅಂಥವನಿಗೆ ನಾವು ಏನು ಹೇಳಬೇಕು? ಅವನ ಸಮಾಧಾನಕ್ಕಾಗಿ "ಹೌದು, ನಮಗೂ ಕೇಳಿಸಿತು" ಎನ್ನುವದು ಸುಳ್ಳು ಸಾಕ್ಷಿ. ಅದು ಅವನನ್ನು ಇನ್ನೂ ಆಳಕ್ಕೆ ನೂಕುವದು. "ಎಲ್ಲಾ ಸುಳ್ಳು, ನಿನಗೆ ಹುಚ್ಚು" ಎನ್ನುವದು ಪ್ರೀತಿಯಿಲ್ಲದ ಮಾತು. ಅದು ಅವನನ್ನು ಒಂಟಿಮಾಡುವದು. ಇವೆರಡರ ನಡುವೆ ಒಂದು ಕಾಲ್ದಾರಿಯುಂಟು. ಅದೇನಂದರೆ, "ನಿನಗೆ ಕೇಳಿಸುತ್ತದೆಂಬದನ್ನು ನಂಬುತ್ತೇವೆ, ನಮಗಾದರೋ ಕೇಳಿಸುವದಿಲ್ಲ. ನಿನ್ನ ಭಯ ದೊಡ್ಡದು; ನಾವು ನಿನ್ನ ಬಳಿಯಲ್ಲಿ ಕೂತಿರುವೆವು." ಇದರಲ್ಲಿ ಸುಳ್ಳೂ ಇಲ್ಲ, ತಿರಸ್ಕಾರವೂ ಇಲ್ಲ.

ಭಯವು ಏರಿದಾಗ ಮನಸ್ಸನ್ನು ನೆಲಕ್ಕೆ ತರಬೇಕು. ಬರಿಗಾಲನ್ನು ನೆಲಕ್ಕೂರಿ, ಕಣ್ಣಿಗೆ ಕಾಣುವ ಐದು ವಸ್ತುಗಳನ್ನು ಹೆಸರಿಸುವದು, ತಣ್ಣೀರಿನಿಂದ ಮುಖ ತೊಳೆಯುವದು, ಮೆಲ್ಲಗೆ ಉಸಿರು ಬಿಡುವದು, ಗಟ್ಟಿಯಾಗಿ ಓದುವದು ಅಥವಾ ಹಾಡು ಗುನುಗುವದು ಕೆಲವರಿಗೆ ಸಹಾಯವಾಗುತ್ತದೆ. ನಿದ್ದೆಗೆಡಬಾರದು, ಗಾಂಜಾ ಮುಟ್ಟಬಾರದು. ಇವು ಊರುಗೋಲುಗಳೇ ಹೊರತು ಚಿಕಿತ್ಸೆಯಲ್ಲ. 1952ರಲ್ಲಿ ಪ್ಯಾರಿಸ್ ಪಟ್ಟಣದ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧವನ್ನು ರೋಗಿಗಳಿಗೆ ಕೊಟ್ಟಂದಿನಿಂದ ಈ ವ್ಯಾಧಿಗೆ ಮದ್ದುಂಟು. ನ್ಯಾಶರು 1970ರ ಬಳಿಕ ಔಷಧವಿಲ್ಲದೆ ಸುಧಾರಿಸಿದರೆಂಬದು ನಿಜ. ಆದರೆ ಮದ್ದು ನಿಲ್ಲಿಸಿದ ಹೆಚ್ಚಿನವರಿಗೆ ವ್ಯಾಧಿ ಮರಳಿ ಬರುತ್ತದೆ. ಆದಕಾರಣ ವೈದ್ಯರನ್ನು ಕೇಳದೆ ಒಂದು ಗುಳಿಗೆಯನ್ನೂ ಬಿಡಬಾರದು. ಪ್ರಾರ್ಥಿಸುವವರು ಪ್ರಾರ್ಥಿಸಲಿ, ಮಾತ್ರೆಯನ್ನು ಎಸೆದು ಪ್ರಾರ್ಥಿಸಬಾರದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿಯೂ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಚಿಕಿತ್ಸೆಯುಂಟು. 14416 ಎಂಬ ಸರಕಾರದ ದೂರವಾಣಿಗೆ ಕರೆಮಾಡಿ ಉಚಿತವಾಗಿ ಸಲಹೆ ಕೇಳಬಹುದು.

ಇನ್ನೊಂದು ಮಾತನ್ನು ನಾಚಿಕೆಯಿಂದ ಹೇಳುತ್ತೇವೆ. ಆ ಯೌವನಸ್ಥನಿಗೆ ದೆವ್ವ ಹಿಡಿದಿದೆಯೆಂದು ಊರಲ್ಲಿ ಅರ್ಧ ಜನರಿಗೆ ನಿಶ್ಚಯವಿತ್ತು. ತಾಯಿಯ ಮುದ್ದಿನಿಂದ ಕೆಟ್ಟನೆಂದು ಉಳಿದವರಿಗೆ ನಿಶ್ಚಯವಿತ್ತು. ವಾದದಿಂದ ಸರಿಮಾಡಬಹುದೆಂದು ನಮಗೆ ನಿಶ್ಚಯವಿತ್ತು. ನಾವೆಲ್ಲರೂ ಒಂದೇ ಮಣಿಯನ್ನು ನೋಡಿ ಪಾತ್ರೆಯನ್ನು ಹೆಸರಿಸಿದವರೇ. ಅವನಿಗಾದರೋ ವ್ಯಾಧಿಯ ನೆವವಿತ್ತು. ನಮಗೆ ಯಾವ ನೆವವಿತ್ತು?

ಆ ದಿನ ಸಾಯಂಕಾಲ ತಾಯಿಯು ಮಾತಾಡದೆ ಒಂದೇ ತಟ್ಟೆಯಲ್ಲಿ ಅನ್ನ ಕಲಸಿ, ಮೊದಲಿನ ತುತ್ತನ್ನು ತಾನು ತಿಂದು, ಎರಡನೆಯದನ್ನು ಅವನ ಮುಂದೆ ಹಿಡಿದಳು. ಅವನು ತಿಂದನು. ಮರುದಿನ ಅವಳ ಸಂಗಡ ಆಸ್ಪತ್ರೆಗೆ ಬಂದನು. ಈಗ ಅವನು ಮದ್ದು ತಪ್ಪಿಸದೆ ಹೊಲದ ಕೆಲಸ ಮಾಡುತ್ತಾನೆ. ಆ ಧ್ವನಿಯು ಆಗಾಗ್ಗೆ ಬರುತ್ತದಂತೆ. ಆಗ ಅವನು, "ಅಮ್ಮಾ, ನಿನಗೆ ಕೇಳಿಸಿತೋ?" ಎನ್ನುತ್ತಾನೆ. "ಇಲ್ಲ ಮಗಾ" ಎಂದು ಅವಳು ಹೇಳಿದರೆ ಗುದ್ದಲಿಯನ್ನು ಪುನಃ ಎತ್ತಿಕೊಳ್ಳುತ್ತಾನೆ. ಪ್ರಿಯ ವಾಚಕರೇ, ತನ್ನ ನಿಶ್ಚಯವನ್ನು ನಂಬಿಗಸ್ತರಾದ ಇನ್ನೊಬ್ಬರ ಮುಂದಿಟ್ಟು ತೂಗಿ ನೋಡುವ ಈ ಅಭ್ಯಾಸವನ್ನು ಅವನು ಬಹು ಕಷ್ಟದಿಂದ ಕಲಿತನು. ಆರೋಗ್ಯವುಳ್ಳ ನಾವೂ ಅದನ್ನು ಕಲಿಯೋಣ.